ಲಘುಮೂರ್ತಿಧಾರಕಶಾಸ್ತ್ರ ಪ್ರವೇಶಿಕೆ

ಕ್ರಿ.ಶ. 1472ರಲ್ಲಿಯೇ ಮಹಮೂದ್ ಗವಾನನ ಮದರಸಾ ತಲೆಯೆತ್ತಿದ ಬೀದರಿನಲ್ಲಿ ವಿದ್ಯೆಗೆ ಬರವಿಲ್ಲ. ಆದರೂ ಒಂದು ವಿದ್ಯಾಸ್ಥಾನ ಇಂದಿಗೂ ರಿಕ್ತವಾಗಿಯೇ ಉಳಿದಿದೆ. ಕಿರುಮೂರ್ತಿಗೆ ಬಣ್ಣ ಹಚ್ಚುವಾಗ ಅದನ್ನು ಯಾವುದರಿಂದ ಹಿಡಿಯತಕ್ಕದ್ದು ಎಂಬ ವಿಷಯದಲ್ಲಿ ಸೂತ್ರವಿಲ್ಲ, ಭಾಷ್ಯವಿಲ್ಲ, ಖಂಡಿಸಲು ಒಂದು ಪೂರ್ವಪಕ್ಷವೂ ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ವಾರ ಅದೇ ಊರಿನ ಧಾನ್ಯಪೇಟೆ ಗಾಂಧಿ ಗಂಜಿನ ಒಂದು ಅಡತಿ ಅಂಗಡಿಯ ಪಡಸಾಲೆಯಲ್ಲಿ ಕುಳಿತು, ಮಕ್ಕಳು ಮಣ್ಣಿನ ಎತ್ತುಗಳಿಗೆ ಬಣ್ಣ ಬಳಿಯುವುದನ್ನು ಅವಲೋಕಿಸಿದ ಪ್ರಕೃತ ಲೇಖಕನು ಆ ನ್ಯೂನತೆಯನ್ನು ಇಲ್ಲಿ ಪರಿಹರಿಸುತ್ತಾನೆ.

1. ಸಂಜ್ಞಾಪ್ರಕರಣ. ಒಂದು ಕೈಯ ಎರಡು ಬೆರಳುಗಳ ನಡುವೆ ಸಂಪೂರ್ಣವಾಗಿ ಅಡಗಬಲ್ಲ ಆಕೃತಿಯು ‘ಲಘುಮೂರ್ತಿ’. ಪಾಶ್ಚಾತ್ಯ ಸೈನಿಕಮೂರ್ತಿಕಾರರು 28 ಮಿಲಿಮೀಟರ್, 54 ಮಿಲಿಮೀಟರ್ ಎಂಬ ಮಾನಗಳನ್ನು ಅಂಗೀಕರಿಸಿದ್ದಾರೆ. ಆದರೆ ಅಂಗಾಲಿನಿಂದ ಕಣ್ಣಿನವರೆಗೆ ಅಳೆಯಬೇಕೋ ನೆತ್ತಿಯವರೆಗೋ ಎಂಬಲ್ಲಿ ಅವರಲ್ಲಿ ಐಕಮತ್ಯವಿಲ್ಲ. ಎತ್ತಿನ ವಿಷಯದಲ್ಲಿ ನೆತ್ತಿಯ ಮೇಲೆ ಕೊಂಬು, ಬೆನ್ನಿನ ಮೇಲೆ ಇಣಿ ಇರುವುದರಿಂದ ಈ ವಿವಾದವು ಚತುರ್ವಿಧವಾಗುತ್ತದೆ. ಮೂರ್ತಿಯನ್ನು ತಾನು ಹಿಡಿದು, ತನ್ನನ್ನು ಕೈಗೆ ಒಪ್ಪಿಸುವ ವಸ್ತುವು ‘ಧಾರಕ’. ಅಂಗಡಿಯಲ್ಲಿ ಅದೇ ಉದ್ದೇಶಕ್ಕೆಂದು ಮಾರಲ್ಪಡುವುದು ಕ್ರೀತಧಾರಕ. ಅದಕ್ಕೆ ಪೂರ್ವಜನ್ಮವಿಲ್ಲದ ಕಾರಣ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಮನೆಯಲ್ಲಿ ಬೇರೆ ಕೆಲಸಕ್ಕಿದ್ದು ಧಾರಕವಾದ ವಸ್ತುವು ಗೃಹಧಾರಕ. ಅದು ಮಾತ್ರ ವಿಚಾರಾರ್ಹ.

2. ಪ್ರಯೋಜನಪ್ರಕರಣ. ಬೆರಳಿನ ಜಿಡ್ಡು ಬಣ್ಣವನ್ನು ಹಿಡಿಯಗೊಡದು. ಬೆರಳಿನ ಉಜ್ಜು ಹಿಡಿದ ಬಣ್ಣವನ್ನು ಉಳಿಯಗೊಡದು. ಮೊದಲನೆಯದು ಪ್ರಾಗ್ದೋಷ, ಎರಡನೆಯದು ಪಶ್ಚಾದ್ದೋಷ. ಎರಡಕ್ಕೂ ಕಾರಣ ಸ್ಪರ್ಶ. ಆದ್ದರಿಂದ ಮುಟ್ಟದೆ ಹಿಡಿಯುವುದೇ ಶಾಸ್ತ್ರದ ಪರಮಪ್ರಯೋಜನ. ಈ ತತ್ತ್ವದ ಅರ್ಧಭಾಗವನ್ನು ಬಿದ್ರಿ ಕುಶಲಕರ್ಮಿಗಳು ಬಹುಕಾಲದಿಂದ ಬಲ್ಲರು. ಸುಮಾರು 16 ಪಾಲು ಸತುವು, 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ವಸ್ತುವನ್ನು ಅವರು ಮೇಣ ಹಚ್ಚಿದ ಕಲ್ಲಿನ ಮೇಲೆ ಕೂರಿಸಿ ಕೆತ್ತುತ್ತಾರೆ. ಉಳಿಗೊಂದು, ಸುತ್ತಿಗೆಗೊಂದು ಎಂದು ಎರಡೂ ಕೈಗಳು ಬಿಡುವಾಗುತ್ತವೆ. ಅಲ್ಲಿ ಧಾರಕವು ಅಚಲ, ಕರ್ತೃವು ಚಲ. ವರ್ಣಲೇಪನದಲ್ಲಿ ಎಡಗೈಯೂ ಧಾರಕದೊಡನೆ ತಿರುಗಬೇಕು. ಅಚಲಧಾರಕ, ಚಲಧಾರಕ ಎಂಬ ಮೂಲವಿಭಾಗವು ಇದರಿಂದ ಸಿದ್ಧ.

3. ಭೇದಪ್ರಕರಣ. ಮೂರ್ತಿಗೂ ಧಾರಕಕ್ಕೂ ಇರುವ ಸಂಬಂಧವನ್ನು ಅನುಸರಿಸಿ ಚಲಧಾರಕವು ಚತುರ್ವಿಧ.

(ಅ) ಸಂಲಗ್ನ. ಅಂಟಿನಿಂದ ಕೂಡಿದ್ದು. ದಂಡವು ಬಹುಧಾ ಖಾಲಿ ಔಷಧದ ಡಬ್ಬಿ. ಗುರುತ್ವಕ್ಕಾಗಿ ಅದರೊಳಗೆ ಮರಳು. ಸಂಧಾನದ್ರವ್ಯವು ಮೇಣ, ಎರಡೂ ಬದಿ ಅಂಟುವ ಟೇಪು, ಕಲಸಿದ ಹಿಟ್ಟು ಎಂದು ಮೂರು ಬಗೆ. ಗೋಧಿಹಿಟ್ಟು ಜಿಗುಟುಳ್ಳದ್ದು, ಗ್ರಾಹ್ಯ. ಜೋಳದ ಹಿಟ್ಟು ಒಣಗಿದೊಡನೆ ಬಿರಿಯುವುದರಿಂದ ತ್ಯಾಜ್ಯ. ರೊಟ್ಟಿಯ ವಿಷಯದಲ್ಲಿ ಅದರ ಪ್ರಾಶಸ್ತ್ಯವು ಇದರಿಂದ ಬಾಧಿತವಾಗುವುದಿಲ್ಲ.

(ಆ) ವಿದ್ಧ. ಚುಚ್ಚಿ ಹಿಡಿದದ್ದು. ಮಣ್ಣು ಹಸಿಯಿರುವಾಗಲೇ ಎತ್ತಿನ ಹೊಟ್ಟೆಯಲ್ಲಿ ಕಸಬರಿಗೆ ಕಡ್ಡಿಯಿಂದ ರಂಧ್ರ ಮಾಡತಕ್ಕದ್ದು. ಒಣಗಿದ ಮೇಲೆ ಮಾಡಿದರೆ ಒಂದು ಎತ್ತು ಎರಡಾಗುತ್ತದೆ, ಜೋಡಿಯಾಗುವುದಿಲ್ಲ. ಕಡ್ಡಿಯ ಇನ್ನೊಂದು ತುದಿಯನ್ನು ಜೋಳದ ದಂಟಿನ ಬೆಂಡಿಗೆ ಚುಚ್ಚಬೇಕು. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಮೃದು ಬೆಂಡು ಇರುವ ದಂಟು ಲಾಘವದಲ್ಲಿ ಸರ್ವಶ್ರೇಷ್ಠ. ಭಕ್ಷ್ಯತ್ವವೊಂದೇ ಅದರ ದೋಷ. ಗಂಜಿನಲ್ಲಿ ಸ್ವೈರವಾಗಿ ಸಂಚರಿಸುವ ಸಜೀವ ವೃಷಭವೊಂದು ಮೃಣ್ಮಯ ವೃಷಭದ ಧಾರಕವನ್ನು ತಿಂದ ನಿದರ್ಶನ ಲೇಖಕನ ದೃಷ್ಟಿಗೋಚರವಾಗಿದೆ.

(ಇ) ಗ್ರಸ್ತ. ಕಚ್ಚಿ ಹಿಡಿದದ್ದು, ಬಟ್ಟೆ ಒಣಹಾಕುವ ಕ್ಲಿಪ್ಪು ಇದರ ಪ್ರತಿನಿಧಿ. ಬಾಲದಲ್ಲಿ ಗ್ರಸ್ತವಾದುದು ಪುಚ್ಛಗ್ರಸ್ತ, ಕೊಂಬಿನಲ್ಲಿ ಗ್ರಸ್ತವಾದುದು ಶೃಂಗಗ್ರಸ್ತ. ಕ್ಲಿಪ್ಪಿನ ಬಲವು ಮಣ್ಣಿನ ಬಲವನ್ನು ಮೀರಿದಲ್ಲಿ ಧಾರಕದಲ್ಲಿ ಬಾಲ ಉಳಿದು ಮೂರ್ತಿ ಬೀಳುತ್ತದೆ. ಆಗ ಅದು ಬಾಲದ ಧಾರಕವೆಂದೇ ವ್ಯವಹರಿಸತಕ್ಕದ್ದು.

(ಈ) ಧಾನ್ಯಮಗ್ನ. ಸೇರಿನಲ್ಲಿ ಕಾಳು ತುಂಬಿ, ಗೊರಸು ಮುಚ್ಚುವಷ್ಟು ಎತ್ತನ್ನು ಹೂತದ್ದು. ಇದು ಗಂಜಿನ ವಿಶೇಷ. ದುಂಡಗಿನ ಸೋಯಾದಲ್ಲಿ ಎತ್ತು ವಾಲುತ್ತದೆ. ಚಪ್ಪಟೆಯಾದ ತೊಗರಿಬೇಳೆಯಲ್ಲಿ ನಿಲ್ಲುತ್ತದೆ, ಆದರೆ ಹಸಿಬಣ್ಣಕ್ಕೆ ಬೇಳೆ ಮೆತ್ತುತ್ತದೆ. ಮೆತ್ತಿದ ಬೇಳೆಯು ಎತ್ತಿನ ಅಂಗವೋ ಮಾಲೀಕರ ದಾಸ್ತಾನೋ ಎಂಬುದು ವ್ಯವಹಾರಶಾಸ್ತ್ರಕ್ಕೆ ಸೇರಿದ್ದು.

ಎತ್ತಿನ ಜೊತೆ ಮಾಡುವ ಗೋದಲಿಯು ಅಗಲವಾದ ತಳದಿಂದ ನೆಲದ ಮೇಲೆ ತಾನೇ ಕೂರುವುದರಿಂದ ಸ್ವಯಂಧೃತ, ಅದು ಅಪವಾದ.

4. ಅನವಸ್ಥಾಪ್ರಕರಣ. ಧಾರಕವು ಮುಟ್ಟಿದ ಸ್ಥಳಕ್ಕೆ ಕುಂಚ ಮುಟ್ಟದು. ಆ ಸ್ಥಳವು ‘ಅಲೇಪಿತಬಿಂದು’. ಅದನ್ನು ಲೇಪಿಸಲು ಮೂರ್ತಿಯನ್ನು ಬಿಡಿಸಿ ಬೇರೆಡೆ ಹಿಡಿಯಬೇಕು. ಹಿಡಿದೆಡೆ ಹಸಿಬಣ್ಣವೆದ್ದು ಹೊಸ ಬಿಂದು ಜನಿಸುತ್ತದೆ. ಅದಕ್ಕೆ ಮತ್ತೊಂದು ಧಾರಕ. ಇಲ್ಲಿ ಮೂರು ಮತಗಳು ಸಂಭವಿಸುತ್ತವೆ. ಒಣಗಿದ ಮೇಲೆ ತಿರುಗಿಸು ಎಂಬುದು ಪ್ರತೀಕ್ಷಾವಾದ. ಮಕ್ಕಳಲ್ಲಿ ಇದಕ್ಕೆ ಅನುಯಾಯಿಗಳಿಲ್ಲ. ಯಾರೂ ಬಗ್ಗಿ ನೋಡುವುದಿಲ್ಲ ಎಂಬುದು ಉಪೇಕ್ಷಾವಾದ. ಅಜ್ಜಿಯರು ಬಗ್ಗಿ ನೋಡುವುದರಿಂದ ಇದು ಬಾಧಿತ. ಗೊರಸಿನ ಅಡಿ ಮಣ್ಣಾಗಿಯೇ ಇರಲಿ, ಅದು ನಿಲ್ಲುವುದು ಮಣ್ಣಿನ ಮೇಲಲ್ಲವೇ ಎಂಬುದು ಮೃತ್ತಿಕಾವಾದ. ಇದೇ ಸಿದ್ಧಾಂತ.

5. ಅವಧಿಪ್ರಕರಣ. ಧಾರಕತ್ವವು ವಸ್ತುವಿನ ಸ್ವಭಾವವಲ್ಲ, ಉಪಾಧಿ. ಮೂರ್ತಿ ಕೂಡಿದಾಗ ಅದು ಆರಂಭವಾಗುತ್ತದೆ. ಬಣ್ಣ ಒಣಗಿದಾಗ ಮುಗಿಯುತ್ತದೆ. ಒಣಗಿತೋ ಇಲ್ಲವೋ ಎಂಬುದಕ್ಕೆ ಪ್ರಮಾಣ ಒಂದೇ: ಮನೆಯ ಹಿರಿಯಳು ಎತ್ತನ್ನು ಬರಿಗೈಯಿಂದ ಎತ್ತಿ ಜಗಲಿಯ ಮೇಲಿಟ್ಟು, ತನ್ನ ಹೆಬ್ಬೆರಳನ್ನು ನೋಡಿಕೊಳ್ಳುವುದು. ಹೆಬ್ಬೆರಳು ಶುದ್ಧವಾಗಿದ್ದರೆ ಶಾಸ್ತ್ರವು ಕೃತಾರ್ಥ. ಆ ಕ್ಷಣವೇ ಡಬ್ಬಿಯು ಡಬ್ಬಿಯಾಗಿ, ಕ್ಲಿಪ್ಪು ಹಗ್ಗಕ್ಕೇರಿ, ಬೇಳೆಯು ಚೀಲಕ್ಕೆ ಮರಳಿ, ಮುಂದಿನ ಜ್ಯೇಷ್ಠ ಅಮಾವಾಸ್ಯೆಯವರೆಗೆ ಈ ಶಾಸ್ತ್ರಕ್ಕೆ ವಿಷಯವೇ ಇರುವುದಿಲ್ಲ.