ಎಷ್ಟು ಟನ್ ನಾಟಕ?

ಬೆಳವಣಿಗೆ ಅಂದರೇನು ಎಂಬ ಬಗ್ಗೆ ಕನ್ಹಾನ್‌ನಲ್ಲಿ ಗೊಂದಲವಿಲ್ಲ. ನಾಗಪುರದ ಪಕ್ಕದ ಕಲ್ಲಿದ್ದಲಿನ ಊರು. ಹೋದ ವರ್ಷ ಎಷ್ಟು ಟನ್, ಈ ವರ್ಷ ಎಷ್ಟು ಟನ್ ಎಂದು ಕೂಡಿ ಕಳೆದರೆ ಮುಗಿಯಿತು, ಯಾರಿಗೆ ಹಾರ ಹಾಕಬೇಕೆಂದು ತಾನಾಗಿ ತಿಳಿಯುತ್ತದೆ. ಇಷ್ಟು ಚೊಕ್ಕ ಪದ್ಧತಿ ಕೈಯಳತೆಯಲ್ಲೇ ಇರುವಾಗ ನಮ್ಮ ನಾಟಕ ಸಂಘಗಳನ್ನು ಇನ್ನೂ ನಾಟಕ ನೋಡಿಯೇ ಅಳೆಯುತ್ತಿದ್ದೇವಲ್ಲ ಎಂದು ನನಗೆ ನಾಚಿಕೆ.

ಅಮೆರಿಕದ ಸಮುದಾಯ ರಂಗಭೂಮಿ ಒಕ್ಕೂಟ ಟ್ವಿಂಕ್ ಲಿಂಚ್ ಎಂಬವರ ಹೆಸರಿನಲ್ಲಿ ಸಂಘಟನಾ ಸಾಧನೆಗೆಂದೇ ಪ್ರಶಸ್ತಿ ಕೊಡುತ್ತದೆ. ಅವರಿಗಿದ್ದರೆ ನಮಗೇಕೆ ಬೇಡ? ಕೂಡಲೇ ಒಂದು ಸಮಿತಿ ರಚಿಸಬೇಕು. ಸದಸ್ಯರು ನಾಟಕ ನೋಡುವ ಚಟದವರಾಗಿರಬಾರದು, ನಿಷ್ಪಕ್ಷಪಾತತೆ ಕೆಡುತ್ತದೆ.

ಸಮಿತಿಯ ಮೊದಲ ತಪಾಸಣೆ ಹೆಗ್ಗೋಡಿನಲ್ಲಿ ಆಗಲಿ. ಅಲ್ಲಿನ ನಾಟಕ ಸಂಘ ನೀನಾಸಂ ಹುಟ್ಟಿದ್ದು 1949ರಲ್ಲಿ. ಸಂಸ್ಥಾಪಕರಲ್ಲಿ ಒಬ್ಬರಾದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಡುವೆ ನಾಲ್ಕು ದಶಕ ಕಳೆದಿವೆ. ಕೇಂದ್ರ ಕಚೇರಿ ಬೆಂಗಳೂರಿಗೆ ಹೋಗುವುದಿರಲಿ, ಸಾಗರಕ್ಕೂ ಸರಿದಿಲ್ಲ. ಅಡಿಕೆ ತೋಟದ ನಡುವೆ ಶೇಕ್ಸ್‌ಪಿಯರ್ ಆಡಿದ್ದನ್ನು ಯಾವ ಕಾಲಂನಲ್ಲಿ ಭರ್ತಿ ಮಾಡುವುದು? 1985ರಿಂದ ತಿರುಗಾಟ ಎಂಬ ಸಂಚಾರಿ ತಂಡವೇನೋ ಇದೆ, ಆದರೆ ಅದು ಹೋದಲ್ಲೆಲ್ಲ ಶಾಖೆ ತೆರೆಯದೆ ಬರೀ ನಾಟಕ ಆಡಿ ಮುಂದಿನ ಊರಿಗೆ ಹೋಗುತ್ತದೆ. ಅಂಕ ಕಡಿತ.

ಗುಬ್ಬಿ ನಾಟಕ ಕಂಪನಿಯದು ಇನ್ನೂ ಗಂಭೀರ ಪ್ರಕರಣ. 1884ರಷ್ಟು ಹಳೆಯ ಸಂಸ್ಥೆ, 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆಯನ್ನೇ ತಂದದ್ದು ಜಗಜ್ಜಾಹೀರು. ಲೆಕ್ಕಪರಿಶೋಧಕರ ಪ್ರಶ್ನೆ ಒಂದೇ: ಆನೆಗೆ ಮೂರು ಕೊಟೇಶನ್ ಕರೆದಿದ್ದರೇ?

ಇನ್ನು ಕನ್ಹಾನ್‌ಗೆ ಬರೋಣ. ಇಲ್ಲಿನ ನದಿ ಮುಂದೆ ವೈನಗಂಗೆಯನ್ನು ಸೇರುತ್ತದೆ. ಆ ನೀರಿನ ಜೊತೆ ಇಳಿದರೆ ಸಿಗುವ ಭತ್ತದ ಸೀಮೆಯೇ ಝಾಡಿಪಟ್ಟಿ: ಭಂಡಾರಾ, ಗೊಂದಿಯಾ, ಚಂದ್ರಪುರ, ಗಡಚಿರೋಲಿ. ದೀಪಾವಳಿ ಕಳೆದು ಕುಯ್ಲು ಮುಗಿದರೆ ಹೋಳಿಯವರೆಗೆ ಊರೂರಲ್ಲಿ ಬೆಳಗಾಗುವ ತನಕ ಮರಾಠಿ ನಾಟಕ. ಹೆಚ್ಚಿನ ನಾಟಕ ಕಂಪನಿಗಳು ವಡಸಾ ಊರಿನಲ್ಲಿ ಬೀಡುಬಿಟ್ಟಿರುತ್ತವೆ. ಊರಿನ ಮಂಡಳಿಯವರು ಬಂದು ಆಟ ಗೊತ್ತು ಮಾಡುತ್ತಾರೆ, ತಾವೇ ಟಿಕೆಟ್ ಮಾರುತ್ತಾರೆ. ಕುಯ್ದ ಬಯಲಲ್ಲಿ ರಂಗ, ನೆಲದ ಮೇಲೆ ಜನ. ಗಡಚಿರೋಲಿಯ ಹಿರಿಯ ನಟ ಪರಶುರಾಮ ಖುಣೆ ಅವರಿಗೆ 2023ರಲ್ಲಿ ಪದ್ಮಶ್ರೀ ಸಿಕ್ಕಿತು. ದೆಹಲಿಯ ಕಣ್ಣಿಗೆ ಒಬ್ಬ ನಟ ಬಿದ್ದರು. ರಾತ್ರಿಯೆಲ್ಲ ಚಳಿಯಲ್ಲಿ ಕೂರುವ ಜನ ಯಾವ ವಿಭಾಗಕ್ಕೆ ಸೇರುತ್ತಾರೆಂದು ಇನ್ನೂ ತೀರ್ಮಾನವಾಗಿಲ್ಲ.

ಸಮಿತಿ ವಡಸಾಕ್ಕೆ ಮೇ ತಿಂಗಳಲ್ಲಿ ಹೋಗುತ್ತದೆ, ಅನುದಾನ ಬಿಡುಗಡೆಯಾಗುವುದೇ ಆಗ. ಹಂಗಾಮು ಮುಗಿದಿದೆ, ಬಾಗಿಲಿಗೆ ಬೀಗ. ಹೇಗೋ ಒಬ್ಬ ಮ್ಯಾನೇಜರ್ ಸಿಕ್ಕರು ಅನ್ನಿ.

'ನಿಮ್ಮ ಪಂಚವಾರ್ಷಿಕ ಯೋಜನೆ?'

'ಮಳೆ ಸರಿಯಾಗಿ ಬಂದರೆ ಭತ್ತ, ಭತ್ತ ಬಂದರೆ ಬುಕಿಂಗ್ ಸಾಹೇಬ್ರೇ.'

'ಪ್ರೇಕ್ಷಕರ ಅಭಿಪ್ರಾಯ ಸಂಗ್ರಹ?'

'ಹಿಡಿಸದಿದ್ದರೆ ಅಲ್ಲೇ ಕೂಗುತ್ತಾರೆ. ಮುಂದಿನ ವರ್ಷ ಬೇರೆ ಕಂಪನಿ ಕರೀತಾರೆ.'

ದಾಖಲೆ ಇಲ್ಲ ಎಂದು ಸಮಿತಿಯವರು ಬರೆದುಕೊಂಡರು.

ಇದಕ್ಕೆ ಹೋಲಿಸಿದರೆ ನಮ್ಮ ಲೆಟರ್‌ಹೆಡ್ ಕಲಾಸಂಘಗಳ ಶಿಸ್ತನ್ನು ಏನೆಂದು ಹೊಗಳಲಿ! ನೋಂದಣಿ ನವೀಕರಣ ಒಂದು ದಿನ ತಡವಾಗಿಲ್ಲ. ಹಣ ಬಳಕೆ ಪ್ರಮಾಣಪತ್ರಕ್ಕೆ ಸೀಲು, ಸೀಲಿಗೆ ಸಹಿ. ಮೂರು ವರ್ಷದ ಫೋಟೋಗಳಲ್ಲಿ ಬ್ಯಾನರಿನ ಇಸವಿ ಮಾತ್ರ ಬದಲಾಗಿದೆ, ಕುರ್ಚಿಯ ಮೇಲಿನ ಹತ್ತು ಮಂದಿ ಬದಲಾಗಿಲ್ಲ. ಇಂಥ ಸ್ಥಿರತೆ ಯಾವ ಕಂಪನಿ ನಾಟಕಕ್ಕೆ ಇತ್ತು? ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಗೌರವಾಧ್ಯಕ್ಷರು, ಸಂಸ್ಥಾಪಕ ಅಧ್ಯಕ್ಷರು. ಅಧ್ಯಕ್ಷರ ಶ್ರೀಮತಿಯವರು ಖಜಾಂಚಿ. ಪಾತ್ರವರ್ಗ ತುಂಬಿದೆ. ನಾಟಕ ಎಂಬುದೊಂದನ್ನು ಆಡಲೇಬೇಕಾಗಿ ಬಂದರೆ ಸನ್ಮಾನ ಮುಗಿದ ಮೇಲೆ, ಬಾಡಿಗೆ ಸಭಾಂಗಣದ ಕಾವಲುಗಾರ ದೀಪ ಆರಿಸುವ ಮೊದಲಿನ ಇಪ್ಪತ್ತು ನಿಮಿಷದಲ್ಲಿ ಆಡಿ ಮುಗಿಸುತ್ತಾರೆ. ಸಮಯಪಾಲನೆಗೂ ಅಂಕ ಉಂಟು.

ಆದರೂ ಸಮಿತಿಯಲ್ಲೊಬ್ಬ ಮೆದು ಮನಸ್ಸಿನವರು ಇದ್ದೇ ಇರುತ್ತಾರೆ. ಅವರ ಒತ್ತಾಯಕ್ಕೆ ವಡಸಾದ ಕಂಪನಿಗೂ ಒಂದು ಪತ್ರ ಹೋಗಲಿ: ಸಮಾರಂಭ ಜನವರಿಯಲ್ಲಿ, ಪದಾಧಿಕಾರಿಗಳೆಲ್ಲ ಹಾಜರಿರತಕ್ಕದ್ದು. ಮ್ಯಾನೇಜರ್ ಮರುಟಪಾಲಿನಲ್ಲಿ ಬರೆಯುತ್ತಾರೆ, ಜನವರಿ ಪೂರ್ತಿ ಬುಕ್ ಆಗಿದೆ, ಹೋಳಿ ಕಳೆದ ಮೇಲೆ ಇಟ್ಟುಕೊಂಡರೆ ಖಂಡಿತ ಬರುತ್ತೇವೆ ಎಂದು. ಹೋಳಿ ಕಳೆಯುವ ಹೊತ್ತಿಗೆ ಆರ್ಥಿಕ ವರ್ಷವೂ ಮುಗಿಯುತ್ತದೆ, ಹಣ ವಾಪಸ್ ಹೋಗುತ್ತದೆ. ಆದ್ದರಿಂದ ಪ್ರಶಸ್ತಿ ಲೆಟರ್‌ಹೆಡ್ ಸಂಘಕ್ಕೇ. ಅವರ ಡೈರಿಯಲ್ಲಿ ವರ್ಷವಿಡೀ ಬಿಡುವಿದೆ.