ಚಿಂಚೋಳಿಯ ಕ್ಯಾರವಾನ್ ಕೈಪಿಡಿ

ಮನೆಯನ್ನೇ ಗಾಲಿಯ ಮೇಲೆ ಏರಿಸಿ, ಹೆಂಡತಿ ಮಕ್ಕಳನ್ನು ಒಳಗೆ ಕೂಡಿಸಿ, ಹಸಿವಾದಲ್ಲಿ ಒಲೆ ಹಚ್ಚಿ, ನಿದ್ದೆ ಬಂದಲ್ಲಿ ನಿಲ್ಲಿಸುವ ಕ್ಯಾರವಾನ್ ಪ್ರವಾಸದ ಮೇಲೆ ನಮ್ಮ ಸರ್ಕಾರಗಳಿಗೆ ಈಚೆಗೆ ಭಾರಿ ಅಕ್ಕರೆ. ಕೇರಳ 2021ರಲ್ಲಿ ಇದಕ್ಕೊಂದು ಯೋಜನೆಯನ್ನೇ ಮಾಡಿತು, ಮಹಾರಾಷ್ಟ್ರವೂ ಹಿಂದೆ ಬೀಳಲಿಲ್ಲ. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನಿಗೆ ಜಾಗ ಸಿಕ್ಕಿದೆ. ನೀತಿ ಬರೆದವರು ದೀಪಾವಳಿ ಮುಗಿದ ವಾರ ಒಮ್ಮೆ ಚಿಂಚೋಳಿ ಕಡೆ ಬಂದಿದ್ದರೆ ಅಷ್ಟು ಕಾಗದ ಉಳಿಯುತ್ತಿತ್ತು. ಇಲ್ಲಿನ ಲಂಬಾಣಿ ತಾಂಡಾಗಳಿಂದ ಕುಟುಂಬಕ್ಕೆ ಕುಟುಂಬವೇ ಹಾಸಿಗೆ, ಒಲೆ, ಹಿಟ್ಟು, ಹಾಲುಗೂಸು ಸಮೇತ ವಾಹನ ಹತ್ತಿ ತಿಂಗಳುಗಟ್ಟಲೆ ಪ್ರವಾಸ ಹೊರಡುತ್ತದೆ. ಹೈದರಾಬಾದು, ಪುಣೆ, ಮುಂಬೈ. ಹೋದಲ್ಲೆಲ್ಲ ಮುಗಿಯದ ಕಟ್ಟಡದ ಪಕ್ಕದಲ್ಲೇ ವಾಸ್ತವ್ಯ. ಕಟ್ಟಡ ಮುಗಿದು ಗಾಜು ಹೊಳೆಯತೊಡಗಿತೆಂದರೆ ಮುಂದಿನ ಜಾಗ. ಕಂದಾಯದವರ ಕಡತದಲ್ಲಿ ಇದು ಗುಳೆ. ಪ್ರವಾಸೋದ್ಯಮ ಇಲಾಖೆಯ ಟೇಬಲ್ಲಿಗೆ ಆ ಕಡತ ಹೋಗುವುದಿಲ್ಲ, ಹಾಗಾಗಿ ನಮ್ಮ ತಾಲ್ಲೂಕಿಗೆ ಬರಬೇಕಾದ ಪ್ರಶಸ್ತಿ ವರ್ಷಾ ವರ್ಷ ತಪ್ಪುತ್ತಿದೆ.

ಕ್ಯಾರವಾನ್ ಬಾಡಿಗೆಗೆ ಹಿಡಿದು, ಚಿಕ್ಕ ಮಕ್ಕಳಿಗೆ ಏನೇನು ಕಟ್ಟಿಕೊಳ್ಳಬೇಕೆಂದು ಬೆಂಗಳೂರಿನಲ್ಲಿ ತಲೆ ಕೆರೆದುಕೊಳ್ಳುವ ತಂದೆತಾಯಂದಿರಿಗೆ ಅನುಕೂಲವಾಗಲೆಂದು ಇಲ್ಲಿನ ಪದ್ಧತಿ ಬರೆಯುತ್ತಿದ್ದೇನೆ. ಇಲ್ಲಿನವರ ಅನುಭವದ ಬಗ್ಗೆ ಅನುಮಾನ ಬೇಡ. ಮೊಗಲರ ದಂಡು ದಖ್ಖನ್ನಿಗೆ ಇಳಿದಾಗ ಅದಕ್ಕೆ ದವಸ ಮುಟ್ಟಿಸಿದವರು ಸಾವಿರಾರು ಹೇರೆತ್ತುಗಳ ಲಂಬಾಣಿಗಳು. ಎತ್ತಿನ ಬೆನ್ನ ಮೇಲೆ ಧಾನ್ಯ, ಉಪ್ಪು. ಜೊತೆಗೆ ಇಡೀ ಸಂಸಾರ. ಆಮೇಲೆ ಬಂದ ಇಂಗ್ಲಿಷರ ದಂಡೂ ಇವರನ್ನೇ ನಂಬಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಎತ್ತಿಗೆ ಕೆಲಸ ಇಲ್ಲದಾಯಿತು. ಅದಕ್ಕೂ ಮೊದಲೇ, 1871ರಲ್ಲಿ, ಅಲೆಯುವ ಜನರನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಲು ಬ್ರಿಟಿಷರು ಕಾಯ್ದೆ ತಂದಿದ್ದರು. ಈ ದೇಶದ ಕ್ಯಾರವಾನ್ ಪ್ರವಾಸಿಗಳಿಗೆ ಸಿಕ್ಕ ಮೊದಲ ಸರ್ಕಾರಿ ಮಾನ್ಯತೆ ಅದು.

ಮೊದಲು ವಾಹನ. ಕ್ರೂಸರ್. ನಮ್ಮ ಕಡೆ ಮದುವೆಗೂ ಅದೇ, ಗಾಣಗಾಪುರಕ್ಕೂ ಅದೇ, ಹೆರಿಗೆಗೂ ಅದೇ. ಎಷ್ಟು ಜನ ಹಿಡಿಯುತ್ತದೆಂಬುದು ಆರ್‌ಸಿ ಪುಸ್ತಕದಲ್ಲಿದೆ, ಪುಸ್ತಕ ಡ್ರೈವರನ ಸೀಟಿನ ಕೆಳಗಿದೆ, ಸೀಟಿನ ಮೇಲೆ ಡ್ರೈವರನ ಜೊತೆ ಇನ್ನಿಬ್ಬರು ಕೂತಿದ್ದಾರೆ. ಕೈಗೂಸುಗಳನ್ನು ಎಣಿಸುವ ಪದ್ಧತಿ ಇಲ್ಲ. ಐದು ವರ್ಷದೊಳಗಿನವು ಅರ್ಧ. ಎರಡು ಅರ್ಧ ಸೇರಿದರೆ ಒಂದು ಎಂಬ ಲೆಕ್ಕ ಮಾತ್ರ ಕ್ರೂಸರಿನಲ್ಲಿ ನಡೆಯದು.

ಸಾಮಾನಿನ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಕಟ್ಟುವುದು, ಕೂಲಿಗೆ ಕರೆದೊಯ್ಯುವ ಮುಕಾದಮನ ಮುಂಗಡ. ಅದು ಹಣದ ರೂಪದಲ್ಲಿ ಉಳಿದಿರುವುದಿಲ್ಲ. ಮಗಳ ಮದುವೆಗೋ ಅತ್ತೆಯ ಆಪರೇಶನ್ನಿಗೋ ಹೋಗಿರುತ್ತದೆ, ಲೆಕ್ಕ ಮಾತ್ರ ಜೊತೆಗೆ ಬರುತ್ತದೆ. ತೂಕವಿಲ್ಲ, ಜಾಗ ಹಿಡಿಯದು, ಎಲ್ಲೂ ಕಳೆದುಹೋಗದು. ಆಮೇಲೆ ತಾಡಪತ್ರಿ. ಅದೇ ಕ್ಯಾರವಾನಿನ ಗೋಡೆ, ಅದೇ ಸೂರು. ಅದರ ಮೇಲೆ ಕೌದಿ ಹಾಸಿ, ಕೌದಿಯ ನಡುವೆ ಜೋಳದ ಹಿಟ್ಟಿನ ಚೀಲ ಮಲಗಿಸಿ, ಚೀಲದ ಎರಡೂ ಪಕ್ಕ ಹಂಚು, ಪರಾತ, ಕೊಡ ಇಟ್ಟು, ನಾಲ್ಕು ಮೂಲೆ ಎಳೆದು ಗಂಟು ಹಾಕಬೇಕು. ಗಂಟು ಹಾಕುವಾಗ ಮೊಳಕಾಲು ಮೂಟೆಯ ಮೇಲೆ ಊರುವುದು ಹೆಂಗಸರ ವಿದ್ಯೆ. ಹಾಗೆ ಊರಿದರೆ ಒಳಗಿನ ಗಾಳಿ ಹೊರಗೆ ಹೋಗಿ ಇನ್ನೊಂದು ಬುಟ್ಟಿ ಸಾಮಾನಿಗೆ ಜಾಗವಾಗುತ್ತದೆ. ಕಟಿ ರೊಟ್ಟಿಯನ್ನು ಮೂಟೆಯೊಳಗೆ ಹಾಕಬಾರದು, ಪುಡಿಯಾಗುತ್ತದೆ. ಹಳೆ ಸೀರೆಯಲ್ಲಿ ಸುತ್ತಿ ಕೈಯಲ್ಲೇ ಹಿಡಿಯಬೇಕು. ರೊಟ್ಟಿ ಖಾಲಿಯಾದ ದಿನ ಆ ಸೀರೆ ಕೂಸಿನ ಜೋಳಿಗೆಯಾಗುತ್ತದೆ. ನಗರದ ತಾಯಂದಿರು ಕೇಳುವ, ಎರಡು ಕೆಲಸಕ್ಕೆ ಬರುವ, ಮಡಚಿಡಬಹುದಾದ ತೊಟ್ಟಿಲು ಇದೇ. ಶೇಂಗಾ ಹಿಂಡಿಯ ಡಬ್ಬಿ ಡ್ರೈವರನ ಕಣ್ಣಿಗೆ ಬೀಳದಂತೆ ಇಡುವುದು ಒಳ್ಳೆಯದು.

ಕ್ರೂಸರ್ ಹೋಗುವ ರಸ್ತೆಯಲ್ಲೇ ಎದುರಿನಿಂದ ಒಂದು ದೊಡ್ಡ ಕಾರು ಬರುತ್ತದೆ. ಚಂದ್ರಂಪಳ್ಳಿ ಅಣೆಕಟ್ಟೆ ನೋಡಲು, 2011ರಲ್ಲಿ ವನ್ಯಜೀವಿಧಾಮವಾದ ನಮ್ಮ ಕಾಡು ನೋಡಲು ಬಂದವರು. ಒಳಗೆ ಒಂದೇ ಕೂಸು, ಅದಕ್ಕೊಂದು ಪ್ರತ್ಯೇಕ ಸೀಟು, ಸೀಟಿಗೆ ಬೆಲ್ಟು. ಎರಡು ದಿನದ ವಾಸಕ್ಕೆ ಡಿಕ್ಕಿ ಮುಚ್ಚಲು ಬರದಷ್ಟು ಡೈಪರು. ಕಾಡಿನ ಸೊಳ್ಳೆಗೆ ಕೂಸು ಹೊಂದಿಕೊಳ್ಳುವುದೋ ಇಲ್ಲವೋ ಎಂದು ತಾಯಿಗೆ ಆತಂಕ. ಆ ಸೊಳ್ಳೆಗಳ ನಡುವೆಯೇ ಹುಟ್ಟಿದ ಕೂಸುಗಳು ಮುಂಬೈಯ ಸೊಳ್ಳೆಗೆ ಹೊಂದಿಕೊಳ್ಳಲು ಹೊರಟಿರುವುದು ಅವರಿಗೆ ಕಾಣದು. ಕ್ರೂಸರ್ ಧೂಳೆಬ್ಬಿಸುತ್ತದೆಂದು ಅವರು ಗಾಜು ಏರಿಸಿಕೊಂಡಿರುತ್ತಾರೆ.

ಮಕ್ಕಳನ್ನು ಕಟ್ಟುವುದು ಸಾಮಾನು ಕಟ್ಟುವಷ್ಟು ಸಲೀಸಲ್ಲ. ಹಾಲು ಕುಡಿಯುವುದು ಬರಲೇಬೇಕು, ಅದಕ್ಕೆ ವಾದವಿಲ್ಲ. ಹತ್ತು ದಾಟಿದ ಗಂಡು ಹುಡುಗ ಅಜ್ಜಿಯ ಹತ್ತಿರ ಉಳಿದು ಶಾಲೆಗೆ ಹೋಗಲಿ ಎನ್ನುತ್ತಾರೆ. ಎಂಟು ವರ್ಷದ ಹುಡುಗಿಯದೇ ಪ್ರಶ್ನೆ. “ಸಾಲಿ ಬಿಡಿಸಬ್ಯಾಡ್ರಿ ಆ ಹುಡುಗೀದು” ಎಂದು ಮಾಸ್ತರರು ತಾಂಡಾದ ತನಕ ಬಂದು ಹೇಳಿ ಹೋಗಿರುತ್ತಾರೆ. ಆದರೆ ತಾಯಿ ಇಟ್ಟಿಗೆ ಹೊರುವಾಗ ಕೂಸನ್ನು ನೋಡುವವರು ಬೇಕು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಇದಕ್ಕೂ ವ್ಯವಸ್ಥೆಯಿತ್ತು: 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಲೇಬೇಕಿತ್ತು. ಅದಕ್ಕೇ ಇರಬೇಕು, ಎಷ್ಟೇ ದೊಡ್ಡ ಕಟ್ಟಡವಾದರೂ ಅಲ್ಲಿನ ಹಾಜರಿಯಲ್ಲಿ 51ನೆಯ ಹೆಂಗಸು ಇರುತ್ತಿರಲಿಲ್ಲ. ಕೊನೆಗೆ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹಬ್ಬದ ಹಾರೈಕೆ ‘ಮೇರಾ’ ಹೇಳಲು ಹೋದ ಹುಡುಗಿಯೇ ಮರುವಾರ ಶಿಶುವಿಹಾರದ ಮುಖ್ಯಸ್ಥೆಯಾಗಿ ನೇಮಕಗೊಂಡು ಕ್ರೂಸರ್ ಹತ್ತುತ್ತಾಳೆ. ಅವಳ ಪಾಟಿಚೀಲವೂ ಬರುತ್ತದೆ. ಗಟ್ಟಿ ಚೀಲ, ಕೂಸಿನ ಬಟ್ಟೆಗೆ ಸರಿಹೋಗುತ್ತದೆ.

ಕಾಗದಪತ್ರಗಳಿಗೆ ಒಂದು ಪ್ಲಾಸ್ಟಿಕ್ ಚೀಲ ಬೇರೆಯೇ ಬೇಕು. ಆಧಾರ್, ರೇಶನ್ ಕಾರ್ಡು, ತಾಯಿ ಕಾರ್ಡು. ಉದ್ಯೋಗ ಖಾತ್ರಿಯ ಜಾಬ್ ಕಾರ್ಡನ್ನು ಮರೆಯಬಾರದು. ಊರಲ್ಲೇ ವರ್ಷಕ್ಕೆ 100 ದಿನ ಕೆಲಸ ಕೊಡುತ್ತೇವೆಂದು 2005ರಲ್ಲಿ ಆದ ಕಾನೂನಿನ ಕಾರ್ಡದು, ರೈಲಿನಲ್ಲಿ ಬೀಸಿಕೊಳ್ಳಲು ಬರುತ್ತದೆ. ಗೊಂದಲವೆಲ್ಲ ಹಕ್ಕುಪತ್ರದ್ದು. 2023ರ ಜನವರಿ 19ರಂದು ಪ್ರಧಾನಿಯವರು ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬಂದು, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಲ್ಲಿ, ಐದು ಜಿಲ್ಲೆಗಳ ಸುಮಾರು 50 ಸಾವಿರ ತಾಂಡಾ ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಕೊಡಿಸಿ ಹೋದರು. ಒಳ್ಳೆಯ ಕೆಲಸ, ತಲೆಮಾರುಗಳಿಂದ ಕಾದದ್ದು. ಅಂಥ ಪತ್ರವನ್ನು ಬೀಗ ಹಾಕಿದ ಮನೆಯಲ್ಲಿ ಬಿಟ್ಟರೆ ಇಲಿ ತಿನ್ನುತ್ತದೆ, ಜೊತೆಗೆ ಒಯ್ದರೆ ಮುಂಬೈಯ ಮಳೆ ತಿನ್ನುತ್ತದೆ. ಬಹಳ ಮಂದಿ ಒಯ್ಯುತ್ತಾರೆ. ಸ್ವಂತ ಮನೆ ಇದೆ ಎಂಬುದಕ್ಕೆ ತಾಡಪತ್ರಿಯ ಕೆಳಗೆ ಮಲಗುವಾಗ ಪುರಾವೆ ಇರಬೇಕಲ್ಲ.

ಪ್ರಯಾಣ ಅಗ್ಗ. ಚಿಂಚೋಳಿಗೆ ರೈಲಿಲ್ಲ, ಹೈದರಾಬಾದಿಗೆ ಕ್ರೂಸರ್ ನೇರ ಹೋಗುತ್ತದೆ, ಮುಂಬೈಗಾದರೆ ತಾಂಡೂರು, ವಾಡಿ, ಇಲ್ಲವೇ ಕಲಬುರಗಿಯಲ್ಲಿ ರೈಲು ಹಿಡಿಯಬೇಕು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಕೆಲಸವಿಲ್ಲದೆ ಊರು ಬಿಡುವವಳನ್ನು ಸರ್ಕಾರವೇ ದುಡ್ಡಿಲ್ಲದೆ ಸ್ಟೇಷನ್ ತನಕ ಬಿಟ್ಟು ಬರುತ್ತದೆ, ಇದಕ್ಕಿಂತ ಸೌಜನ್ಯ ಇನ್ನೇನು? ವಾಡಿಯಲ್ಲಿ ಒಂದು ನೋಟ ನೋಡಬೇಕು. ಈ ಸುಣ್ಣಕಲ್ಲಿನ ಸೀಮೆಯ ಸಿಮೆಂಟೂ ಅಲ್ಲಿಂದಲೇ ಹೊರಡುತ್ತದೆ, ಅದನ್ನು ಕಲಸುವ ಕೈಗಳೂ ಅಲ್ಲಿಂದಲೇ ಹೊರಡುತ್ತವೆ. ಸಿಮೆಂಟಿಗೆ ವ್ಯಾಗನ್ ಕಾಯ್ದಿರಿಸಿರುತ್ತಾರೆ, ಹನಿ ನೀರು ತಾಗದಂತೆ ಮುಚ್ಚಿರುತ್ತಾರೆ, ಚೀಲಕ್ಕೆ ಚೀಲ ಎಣಿಸಿರುತ್ತಾರೆ. ಜನರಲ್ ಬೋಗಿಯ ಬಾಗಿಲಲ್ಲಿ ನಿಂತವರು ಅದನ್ನು ನೋಡುತ್ತ ಹೋಗುತ್ತಾರೆ.

ಖರ್ಚಿನ ಬಗ್ಗೆಯೂ ಕಾನೂನು ಕೈ ಬಿಟ್ಟಿಲ್ಲ. ಹೊರರಾಜ್ಯಕ್ಕೆ ಒಯ್ದ ಕೂಲಿಯವನಿಗೆ ಹೋಗಿಬರುವ ಖರ್ಚಿನ ಜೊತೆ ಗುತ್ತಿಗೆದಾರ ಸ್ಥಳಾಂತರ ಭತ್ಯೆ ಕೊಡಬೇಕೆಂದು 1979ರ ಕಾಯ್ದೆ ಹೇಳಿತ್ತು: ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು. ನಾನು ಕೇಳಿದ ಮುಕಾದಮನೊಬ್ಬ ನಕ್ಕು, ಚಹಾ ತರಿಸಿದ. ಚಹಾದ ದುಡ್ಡು ಅವನೇ ಕೊಟ್ಟ.

2020ರ ಮೇ ತಿಂಗಳಲ್ಲಿ ಒಮ್ಮೆ ಪ್ರವಾಸ ನಡುವೆಯೇ ಮುಗಿಯಿತು. ಮಹಾರಾಷ್ಟ್ರದಿಂದ ಮರಳಿದವರನ್ನು ಊರೊಳಗೆ ಬಿಡದೆ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನಿಗೆ ಹಾಕಿದರು. ಮೂಟೆಗಳು ಬೆಂಚಿನ ಮೇಲೆ, ಕೂಸುಗಳು ಕರಿಹಲಗೆಯ ಕೆಳಗೆ. ತಾಂಡಾದ ಮಕ್ಕಳು ಹಗಲು ರಾತ್ರಿ ಶಾಲೆಯಲ್ಲೇ ಇದ್ದದ್ದು ಆಗ. ಪಾಠ ಮಾಡಲು ಮಾತ್ರ ಅಪ್ಪಣೆ ಇರಲಿಲ್ಲ.

ಈ ಪ್ರವಾಸದಲ್ಲಿ ನಿಜವಾದ ಸುಖ ಬೇಕೆಂದರೆ ಚುನಾವಣೆಗೆ ಕಾಯಬೇಕು. ಆಗ ಮುಂಬೈಯ ಕಟ್ಟಡದ ಬಾಗಿಲಿಗೇ ಬಸ್ಸು ಬಂದು ನಿಲ್ಲುತ್ತದೆ. ಸೀಟಿಗೆ ಒಬ್ಬರೇ, ನೀರಿನ ಬಾಟಲಿ, ದಾರಿಯಲ್ಲಿ ಊಟ, ಮೂಟೆ ಏರಿಸಲು ಹುಡುಗರು. ಹೆಸರು ಕೂಗಿ, ವೋಟರ್ ಕಾರ್ಡು ನೋಡಿ ಹತ್ತಿಸುತ್ತಾರೆ. ಮಕ್ಕಳಿಗೆ ಸೀಟು ಕೇಳಿದರೆ ಕೈಯಲ್ಲಿ ಪಟ್ಟಿ ಹಿಡಿದವನು ಪಟ್ಟಿಯನ್ನು ಒಮ್ಮೆ ತಿರುವಿ ಹಾಕುತ್ತಾನೆ. “ಇವರ ಹೆಸರಿಲ್ರಿ ಇದ್ರಾಗ, ತೊಡಿ ಮ್ಯಾಲ ಕೂಡಿಸ್ಕೊಳ್ರಿ.”