ಇದ್ರ ಹ್ಯಾಂಗ, ಇಲ್ಲದಿದ್ರ ಹ್ಯಾಂಗ

ಅಗರಖೇಡದ ಗುಡಿ ಕಟ್ಟಿಯ ಮೇಲೆ ಬೆಂಗಳೂರಿನ ಹುಡುಗ ಟ್ಯಾಬ್ ಹಿಡಿದು ಕೂತಿದ್ದ. ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ, ಕಾಲಲ್ಲಿ ಎರೆ ಮಣ್ಣು ಮೆತ್ತಿದ ಬಿಳಿ ಬೂಟು. ರೈತರಿಗಾಗಿ ಮಾಡಿದ ಯಾವುದೋ ಒಂದು ಆ್ಯಪಿನ ಮುಂದಿನ ಆವೃತ್ತಿಯಲ್ಲಿ ಹೊಸದಾಗಿ ಏನೇನಿರಬೇಕು ಅಂತ ರೈತರನ್ನೇ ಕೇಳಲು ಬಂದಿದ್ದ. ಹಿಂದಿನ ಆವೃತ್ತಿ ಮಾಡುವಾಗ ಯಾರನ್ನು ಕೇಳಿದ್ದಿರಿ ಅಂತ ನಾನು ಕೇಳಲಿಲ್ಲ. ದೂರದಿಂದ ಬಂದವನು, ಚಹಾ ಬೇರೆ ಇನ್ನೂ ಕುಡಿದಿರಲಿಲ್ಲ.

ನಮ್ಮ ಕಾಕಾನ ಪಾಳಿ ಬಂತು.

‘ಅಂಕಲ್, ಹೊಲದಲ್ಲಿ ನೆಟ್‌ವರ್ಕ್ ಇಲ್ಲದಾಗಲೂ ಆ್ಯಪ್ ಕೆಲಸ ಮಾಡೋ ಹಾಗಿದ್ರೆ ನಿಮಗೆ ಹೇಗನ್ಸುತ್ತೆ? ಐದು ಆಪ್ಷನ್ ಇದೆ. ತುಂಬಾ ಇಷ್ಟ, ಇರಲೇಬೇಕು, ಹೇಗಿದ್ರೂ ಪರವಾಗಿಲ್ಲ, ಸಹಿಸ್ಕೋತೀನಿ, ಇಷ್ಟ ಇಲ್ಲ.’

‘ಇದ್ರ ಚಲೋನ ಆತಲ್ರಿ.’

‘ತುಂಬಾ ಇಷ್ಟ ಅಂತ ಹಾಕ್ತೀನಿ. ಈಗ ಹೇಳಿ, ಹಾಗೆ ಕೆಲಸ ಮಾಡದೇ ಇದ್ರೆ ಹೇಗನ್ಸುತ್ತೆ?’

ಕಾಕಾ ಒಮ್ಮೆ ನನ್ನ ಮಾರಿ ನೋಡಿದ, ಒಮ್ಮೆ ಟ್ಯಾಬ್ ನೋಡಿದ. ‘ಈಗ ಮಾಡಂಗಿಲ್ಲಲ್ರಿ ಸಾಹೇಬ್ರ. ಈಗ ಹ್ಯಾಂಗ ಅನಸ್ಲಾಕತ್ತದ, ಹಂಗ ಅನಸ್ತದ.’

‘ಅದು ಈ ಐದ್ರಲ್ಲಿ ಯಾವುದು ಅಂಕಲ್?’

‘ನೀವು ಓದಿದ ಐದರಾಗ ಅದು ಇಲ್ಲ. ಅದು ಬೈಗಳ.’

ಹುಡುಗ ಒಂದು ಕ್ಷಣ ಯೋಚಿಸಿ ‘ಸಹಿಸ್ಕೋತೀನಿ’ ಒತ್ತಿದ.

ಈ ಜೋಡಿ ಪ್ರಶ್ನೆ ಅವನ ತಲೆಯಲ್ಲಿ ಹುಟ್ಟಿದ್ದಲ್ಲ. ಜಪಾನಿನ ನೊರಿಯಾಕಿ ಕಾನೊ ಎಂಬ ಪ್ರೊಫೆಸರರು 1984ರಲ್ಲಿ ಹಾಕಿಕೊಟ್ಟ ದಾರಿ ಅದು. ಒಂದು ಸೌಲಭ್ಯ ಇದ್ದರೆ ಹೇಗೆ, ಇಲ್ಲದಿದ್ದರೆ ಹೇಗೆ ಅಂತ ಎರಡು ಸಲ ಕೇಳಬೇಕು. ಎರಡೂ ಉತ್ತರ ಜೋಡಿಸಿ ನೋಡಿದರೆ ಅದು ಇರಲೇಬೇಕಾದದ್ದೋ ಬರೀ ಶೋಕಿಯೋ ಗೊತ್ತಾಗುತ್ತದೆ. ಇರಲೇಬೇಕಾದದ್ದು ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಾಗ ಮಾತ್ರ ಬೈಯುತ್ತಾರೆ ಅನ್ನುವುದನ್ನು ಕಾನೊ ಚೆನ್ನಾಗಿ ಬಲ್ಲವರು. ಅವರ ಲೆಕ್ಕದಲ್ಲಿ ನಮ್ಮ ಕಾಕಾನ ಬೈಗಳಕ್ಕೆ ದೊಡ್ಡ ಕಿಮ್ಮತ್ತಿತ್ತು. ನಡುವೆ ಒಂದು ಬೆರಳು ಬಂದು ಅದನ್ನು ಸಹನೆ ಮಾಡಿಬಿಟ್ಟಿತು.

ಇಂಥ ತಕ್ಕಡಿಗಳು ಇನ್ನೂ ಇವೆ. ಆರಕಲ್ ಕಂಪನಿಯ ಡಾಯ್ ಕ್ಲೆಗ್ 1994ರಲ್ಲಿ ಎಲ್ಲ ಬೇಡಿಕೆಗಳನ್ನೂ ನಾಲ್ಕು ಗುಂಪು ಮಾಡಿದರು: ಇರಲೇಬೇಕು, ಇದ್ದರೆ ಒಳ್ಳೆಯದು, ಇದ್ದರೂ ಇರಲಿ, ಈ ಸಲ ಬೇಡ. ಅದಕ್ಕೆ ಮಾಸ್ಕೊ ಅನ್ನುತ್ತಾರೆ. ಇನ್ನೊಂದರಲ್ಲಿ ಎಷ್ಟು ಜನರಿಗೆ ಮುಟ್ಟುತ್ತದೆ, ಎಷ್ಟು ಉಪಯೋಗ, ನಮಗೆಷ್ಟು ಖಾತ್ರಿ ಎಂಬ ಮೂರನ್ನು ಗುಣಿಸಿ, ಬೀಳುವ ದುಡಿಮೆಯಿಂದ ಭಾಗಿಸಬೇಕು. ಅದರ ಹೆಸರು ರೈಸ್. ಜೋಳದ ಸೀಮೆಗೆ ಅಕ್ಕಿಯ ಲೆಕ್ಕ ತಂದರೆ ಹೊಟ್ಟೆಗೆ ಹತ್ತೀತು ಹೇಗೆ?

ಹತ್ತುವುದಿಲ್ಲ ಅನ್ನುವುದಕ್ಕೆ ಕಾರಣವನ್ನೂ ಹೇಳಬೇಕಲ್ಲ. ಎಷ್ಟು ಜನರಿಗೆ ಮುಟ್ಟುತ್ತದೆ ಅನ್ನುವ ಅಂಕಿ ಸರ್ವರಿನಿಂದ ಬರುತ್ತದೆ. ಯಾರು ಆ್ಯಪ್ ತೆರೆದರು, ಎಲ್ಲಿ ನಿಂತು ತೆರೆದರು, ಎಲ್ಲ ಅಲ್ಲಿ ದಾಖಲು. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ನಿಂತವನು ಸರ್ವರಿನ ಪಾಲಿಗೆ ಹುಟ್ಟಿಯೇ ಇಲ್ಲ. ಹೀಗಾಗಿ ನೆಟ್‌ವರ್ಕ್ ಇಲ್ಲದಲ್ಲಿ ಆ್ಯಪ್ ಬಳಸುವವರು ಸೊನ್ನೆ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ, ಆದ್ದರಿಂದ ಆ ಸೌಲಭ್ಯ ಯಾರಿಗೂ ಬೇಕಾಗಿಲ್ಲ. ಗಣಿತದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ದೂರು ಕೊಡಬೇಕೆಂದರೆ ಆ್ಯಪಿನಲ್ಲೇ ಜಾಗವಿದೆ. ನೆಟ್‌ವರ್ಕ್ ಇಲ್ಲ ಅನ್ನುವ ದೂರನ್ನು ನೆಟ್‌ವರ್ಕ್ ಇದ್ದಲ್ಲಿಗೆ ಹೋಗಿ ಕೊಡಬೇಕು, ಅಷ್ಟೆ. ಅಲ್ಲಿಗೆ ಮುಟ್ಟುವುದರೊಳಗೆ ದೂರೇ ಸುಳ್ಳಾಗಿರುತ್ತದೆ.

ಹುಡುಗ ಕೊನೆಯ ಪ್ರಶ್ನೆಗೆ ಬಂದ. ‘ನಿಮ್ಮದೇ ಸಲಹೆ ಏನಾದ್ರೂ ಇದ್ಯಾ ಅಂಕಲ್?’

ಕಾಕಾ ಅಂಗಿ ಕಿಸೆಯಿಂದ ಫೋನು ತೆಗೆದ. ಗಾಜು ಒಡೆದು ಜೇಡರ ಬಲೆಯಂತಾದ ಫೋನು. ಅದರಲ್ಲಿ ಬೆಳೆಗಳ ಹೆಸರಿನ ಉದ್ದನೆಯ ಪಟ್ಟಿ ತೆರೆದು ಹೆಬ್ಬೆರಳಿನಿಂದ ಸರಸರ ಮೇಲೆ ಸರಿಸಿದ. ‘ಇದರಾಗ ಲ ಅಕ್ಷರದ ಕಡೆ ಬರ್ರಿ. ಲಿಂಬಿ ಎಲ್ಲ್ಯದ ತೋರಸ್ರಿ.’

ಇರಲಿಲ್ಲ. ಹುಡುಗ ಪಟ್ಟಿ ಹಿಂದಕ್ಕೆ ಸರಿಸಿ ನ ಅಕ್ಷರಕ್ಕೆ ಹೋದ. ‘ಇಲ್ಲಿದೆ ನೋಡಿ ಅಂಕಲ್, ನಿಂಬೆ.’

‘ಅದು ನಿಮ್ಮೂರಾಗ. ನಾ ಎರಡ ವರ್ಷ ಲ ಒಳಗ ಹುಡಿಕಿ, ಸಿಗಲಾರದ್ದಕ್ಕ ಇತರೆ ಅಂತ ಹಾಕೀನಿ.’

ಗೊತ್ತಿರಲಿ, ಇದು ಇಂಡಿ ತಾಲೂಕು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಇಂಡಿಯಲ್ಲಿ. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಇಂಡಿ ಲಿಂಬೆಗೆ. ಅಂದರೆ ಲ ಅಕ್ಷರಕ್ಕೆ ಮೊಹರು ಬಿದ್ದಾಗಿದೆ, ಕಾಗದಪತ್ರ ಇದೆ. ಆದರೂ ಕಾಕಾನ ಲಿಂಬಿ ತೋಟ ಎರಡು ವರ್ಷದಿಂದ ‘ಇತರೆ’ ಎಂಬ ಹೆಸರಿನ ಹಣ್ಣು ಬಿಡುತ್ತಿದೆ. ಒಂದು ಸಾಲು ಸೇರಿಸಲು ಎಷ್ಟು ಹೊತ್ತು ಬೇಕು ಅಂತ ಹುಡುಗನನ್ನು ಕೇಳಿದೆ. ‘ಸೇರಿಸೋಕೆ ಎರಡು ನಿಮಿಷ ಸರ್. ಆದ್ರೆ ಅದು ಪ್ರಯಾರಿಟಿಗೆ ಬರಬೇಕಲ್ಲ’ ಅಂದ. ಪಾಪ, ಸುಳ್ಳು ಹೇಳುವ ವಯಸ್ಸಲ್ಲ. ನನಗೆ ಹೆದರಿಕೆ ಬೇರೆಯದೇ. ಪ್ರಯಾರಿಟಿಗೆ ಬಂದ ದಿನ ಪಟ್ಟಿಯಲ್ಲಿ ನಿಂಬೆ, ಲಿಂಬೆ, ಲೈಮ್, ಲೆಮನ್ ನಾಲ್ಕೂ ನಾಲ್ಕು ಬೆಳೆಯಾಗಿ ಬರುತ್ತವೆ, ಬೆಳೆವಿಮೆ ಮಾತ್ರ ಅವುಗಳಲ್ಲಿ ಒಂದಕ್ಕೆ ಇರುತ್ತದೆ.

ಅಷ್ಟರಲ್ಲಿ ತಲಾಟಿ ಬಂದ. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕು. ಹೆಸರು ಉದ್ದವಾಗಿದೆ, ಕೂಡುವ ಜಾಗ ಮೊದಲಿನಷ್ಟೇ ಇದೆ. ಹುಡುಗನಿಗೆ ಖುಷಿಯಾಯಿತು, ಯಾಕೆಂದರೆ ಅವನ ಭಾಷೆಯಲ್ಲಿ ತಲಾಟಿ ‘ಪವರ್ ಯೂಸರ್’. ತಲಾಟಿ ನಕ್ಕ. ಪವರ್ ಹೋಗಿ ಆಗಲೇ ಮೂರು ತಾಸಾಗಿತ್ತು.

ಬಳಸುವವರ ಅಭಿಪ್ರಾಯ ಸಂಗ್ರಹ ಅಂದರೆ ಏನು ಅಂತ ತಿಳಿಯಬೇಕಾದರೆ ಕಾನೊ ಬೇಡ, ಕ್ಲೆಗ್ ಬೇಡ, 2024ರ ಸೆಪ್ಟೆಂಬರ್ 26 ನೆನೆಸಿಕೊಂಡರೆ ಸಾಕು. ಅಂದು ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಫೋನು ಕೆಳಗಿಟ್ಟು ತಹಶೀಲ್ದಾರ್ ಕಚೇರಿಗಳ ಮುಂದೆ ಚಾಪೆ ಹಾಸಿ ಕೂತರು. ತಮ್ಮ ತಲೆಗೆ ಕಟ್ಟಿದ ಆ್ಯಪುಗಳು ಹದಿನೇಳಕ್ಕೂ ಹೆಚ್ಚು ಎಂಬುದು ಅವರ ದೂರು. ಕೆಲವರ ಲೆಕ್ಕದಲ್ಲಿ ಅವು ಇಪ್ಪತ್ತೊಂದು. ಎರಡೂ ಖರೆ ಇರಬೇಕು. ಮನವಿ ಬರೆಯುವುದಕ್ಕೂ ಕೊಡುವುದಕ್ಕೂ ನಡುವೆ ನಾಲ್ಕು ಹುಟ್ಟಿರಬಹುದು. ಸಂಯೋಜನೆ, ಇ-ಆಫೀಸ್, ಲ್ಯಾಂಡ್ ಬೀಟ್, ಬಗರ್ ಹುಕುಂ, ಆಧಾರ್ ಸೀಡ್, ಗರುಡಾ, ದಿಶಾಂಕ್ ಹೀಗೆ ಅವರು ಹೆಸರು ಹೇಳುತ್ತಿದ್ದರೆ ಗುಡಿಯಲ್ಲಿ ಸಹಸ್ರನಾಮ ಕೇಳಿದ ಹಾಗೆ. 2025ರ ಫೆಬ್ರವರಿ 10ರಿಂದ ಮತ್ತೊಮ್ಮೆ ಕೂತರು.

ಆದರೆ ನನ್ನ ಮನಸ್ಸು ಸೆಳೆದದ್ದು ಅವರು ಕೇಳಿದ್ದರ ಪಟ್ಟಿ. ಹುಡುಗನ ಟ್ಯಾಬ್‌ನಲ್ಲಿ ಇಂಥ ಪಟ್ಟಿ ತುಂಬಲು ಜಾಗವೇ ಇಲ್ಲ. ಮೊಬೈಲು, ಲ್ಯಾಪ್‌ಟಾಪು, ಪ್ರಿಂಟರ್, ಸ್ಕ್ಯಾನರ್; ಅವುಗಳ ಜತೆಗೆ ಟೇಬಲ್ಲು, ಕುರ್ಚಿ, ಅಲ್ಮೇರಾ. ಇನ್ನೊಮ್ಮೆ ಓದಿ. ಎರಡು ಡಜನ್ನಿಗೆ ಹತ್ತಿರ ಆ್ಯಪುಗಳನ್ನು ಓಡಿಸುವ ಪವರ್ ಯೂಸರು ಕೇಳಿದ ಹೊಸ ಫೀಚರುಗಳಲ್ಲಿ ಒಂದು ಕುರ್ಚಿ. ನಾಲ್ಕು ಕಾಲಿನದು. ಲಾಗಿನ್ ಬೇಡದ್ದು. ಇದನ್ನು ರೈಸ್ ಲೆಕ್ಕಕ್ಕೆ ಹಾಕಿ ನೋಡಿ: ಮುಟ್ಟುವುದು ಒಬ್ಬನಿಗೆ, ಖಾತ್ರಿ ಪೂರ್ತಿ, ದುಡಿಮೆ ಬಡಿಗನಿಗೆ ಅರ್ಧ ದಿನ. ಆದರೂ ಅದು ಸಾಫ್ಟ್‌ವೇರಿನ ಬೇಡಿಕೆಯಲ್ಲ ಅಂತ ಪಕ್ಕಕ್ಕಿಡುತ್ತಾರೆ.

ತಲಾಟಿಗಳನ್ನು ನಾನು ಹೊತ್ತು ಮೆರೆಸುತ್ತಿಲ್ಲ. ಹಿಂದಿನ ಕಾಲದ ದಫ್ತರದಲ್ಲಿ ‘ಷರಾ’ ಅಂತ ಒಂದು ಕಾಲಂ ಇರುತ್ತಿತ್ತು. ಲಿಂಬಿ ಗಿಡ ಒಣಗಿದವು, ಹೊಳೆ ಬಂದು ಬದು ಹರಿಯಿತು ಅಂತ ಎರಡು ಸಾಲು ಅಲ್ಲಿ ಬರೆಯಬಹುದಿತ್ತು. ಇಂದಿನ ಯಾವ ಆ್ಯಪಿಗೂ ಅಷ್ಟು ಬಾಯಿಲ್ಲ. ಹಾಗಂತ ಷರಾ ಪುಕ್ಕಟೆ ಬೀಳುತ್ತಿರಲಿಲ್ಲ. ಬರೆಯಲಿಕ್ಕೊಂದು ದರ, ಬರೆಯದೇ ಇರಲಿಕ್ಕೊಂದು ದರ. ಯಾರ ಉತಾರ ಇಂದು, ಯಾರ ವಾರಸಾ ಬರುವ ವರ್ಷ ಅನ್ನುವ ಪ್ರಯಾರಿಟಿಯೆಲ್ಲ ತಲಾಟಿಯ ಕಿಸೆಯಲ್ಲಿ ತೀರ್ಮಾನವಾಗುತ್ತಿತ್ತು.

ಆ ಕಿಸೆಗೆ ಹೊಲಿಗೆ ಹಾಕಲೆಂದೇ 2000ದ ಸುಮಾರಿಗೆ ‘ಭೂಮಿ’ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ದಫ್ತರ ಬಿಟ್ಟು ತಾಲೂಕಿನ ಕಂಪ್ಯೂಟರ್ ಹೊಕ್ಕವು. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಕೈಗೆ ಕಾಗದ ಬರುತ್ತಿತ್ತು. ನನಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಜನ ಅಷ್ಟಾಗಿ ಮಾತಾಡದ ಒಂದು ಕಟ್ಟು: ಹೆಸರು ಬದಲಾವಣೆಯ ಅರ್ಜಿಗಳು ಬಂದ ಪಾಳಿಯಲ್ಲೇ ತೀರಬೇಕು. ಹಿಂದೆ ನಿಂತ ಗೌಡರ ಅರ್ಜಿಯನ್ನು ಮುಂದೆ ಎಳೆದುಕೊಳ್ಳಲು ಹೋದರೆ ಕಂಪ್ಯೂಟರೇ ಬಿಡುವುದಿಲ್ಲ. ಪ್ರಯಾರಿಟಿ ಅನ್ನುವುದನ್ನೇ ಕಿತ್ತುಹಾಕಿದ ಸಾಫ್ಟ್‌ವೇರ್ ಅದು.

ರೈತನ ಅರ್ಜಿಗೆ ಇಷ್ಟು ಕಟ್ಟುನಿಟ್ಟಿನ ಪಾಳಿ ಮಾಡಿದವರು ಸಾಫ್ಟ್‌ವೇರಿನ ಬಗ್ಗೆ ರೈತ ಕೊಡುವ ಅರ್ಜಿಗೆ ಪಾಳಿ ಮಾಡಲೇ ಇಲ್ಲ. ಅಲ್ಲಿ ಗೌಡರು ಇಂದಿಗೂ ಮುಂದೆ. ಕಾಕಾನ ಲಿಂಬಿ ಎರಡು ವರ್ಷದಿಂದ ನಿಂತಿದೆ; ಜಿಲ್ಲಾವಾರು ಪ್ರಗತಿಯನ್ನು ಕೆಂಪು ಹಳದಿ ಹಸಿರಿನಲ್ಲಿ ತೋರಿಸುವ ಚಕ್ರ ಬೇಕು ಅಂತ ಮೇಲಿನ ಸಾಹೇಬರೊಬ್ಬರು ಸೋಮವಾರದ ಮೀಟಿಂಗಿನಲ್ಲಿ ಅಂದರೆ ಗುರುವಾರ ಚಕ್ರ ತಿರುಗುತ್ತದೆ. ಅಮೆರಿಕದ ಕಂಪನಿಗಳಲ್ಲಿ ಇದಕ್ಕೆ ಹಿಪ್ಪೊ ಅನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು ಪಗಾರದವರ ಅಭಿಪ್ರಾಯ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರ ಕೂಡಿಸಿದರೆ ಆ ನೀರಾನೆ ಹುಟ್ಟುತ್ತದೆ. ನಮ್ಮ ಭೀಮೆಯಲ್ಲಿ ಮೊಸಳೆ ಮಾತ್ರ ಇವೆ ಅಂದುಕೊಂಡಿದ್ದೆ.

ಚಕ್ರ ತಿರುಗಿದ ಮೇಲೆ ಅದಕ್ಕೆ ಮೇವು ಬೇಕಲ್ಲ. ರಾತ್ರಿ ಒಂಬತ್ತಕ್ಕೆ ತಲಾಟಿಯ ವಾಟ್ಸ್‌ಆ್ಯಪ್‌ಗೆ ಸಂದೇಶ: ನಿಮ್ಮ ವೃತ್ತ ಕೆಂಪಿನಲ್ಲಿದೆ. ಬೆಳಿಗ್ಗೆ ಅವನು ಎದ್ದು ಅದನ್ನು ಹಸಿರು ಮಾಡಲು ಓಡುತ್ತಾನೆ. ಬೆಳೆ ಹಸಿರಾಯಿತೋ ಇಲ್ಲವೋ ಬೇರೆ ಮಾತು.

‘ನಿಮ್ಮ ಕಡೆಯಿಂದ ಒಂದೇ ಒಂದು ಫೀಚರ್ ಹೇಳಿ ಸರ್, ಮೇಲೆ ತಲುಪಿಸ್ತೀನಿ’ ಅಂದ ಹುಡುಗ.

ತಲಾಟಿ ಬಹಳ ಹೊತ್ತು ಯೋಚಿಸಲಿಲ್ಲ. ‘ಅರ್ಧಾ ತುಂಬಿದ್ದು ಅಳಸಬ್ಯಾಡ್ರಿ. ಇಪ್ಪತ್ತ ಮನಿ ವಿವರ ತುಂಬಿರ್ತೀನ್ರಿ, ಸೆಷನ್ ಮುಗೀತು ಅಂತದ. ಇಪ್ಪತ್ತೊಂದನೇ ಮನಿಯಾಗ ನಿಂತು ಒಂದನೇ ಮನಿಗಿ ಮತ್ತ ಹೋಗ್ಬೇಕು. ಅವರು ಆಗಲೇ ಕೀಲಿ ಹಾಕ್ಕೊಂಡು ಹೊಲಕ್ಕ ಹೋಗಿರ್ತಾರ.’

ಹುಡುಗ ಬರೆದುಕೊಂಡ. ಬೆಳಗಿನಿಂದ ನಲವತ್ತು ಜನರನ್ನು ಮಾತಾಡಿಸಿದ್ದ, ಬೇಸರ ಮಾಡಿಕೊಂಡಿರಲಿಲ್ಲ, ಮುದುಕಿಯರಿಗೆ ಅಜ್ಜಿ ಅಂದಿದ್ದ. ಕೊನೆಯಲ್ಲಿ ಸಬ್‌ಮಿಟ್ ಒತ್ತಿದ. ಟ್ಯಾಬ್‌ನ ನಡುವೆ ಸಣ್ಣ ಚಕ್ರವೊಂದು ತಿರುಗತೊಡಗಿತು. ಚಹಾ ಬಂತು, ಕುಡಿದ, ಬಟ್ಟಲು ಕೆಳಗಿಟ್ಟ. ಚಕ್ರ ತಿರುಗುತ್ತಲೇ ಇತ್ತು.

‘ಇಲ್ಲಿ ಟವರ್ ಎಲ್ಲಿ ಸಿಗುತ್ತೆ ಸರ್?’

‘ಹೊಳಿ ಕಡೆ ನಡೀರಿ. ಒಮ್ಮೊಮ್ಮೆ ಮಹಾರಾಷ್ಟ್ರದ್ದು ಹಿಡೀತದ’ ಅಂದ ತಲಾಟಿ. ದಾರಿ ಅವನಿಗೆ ಬಾಯಿಪಾಠ.

ಹುಡುಗ ಎರೆ ನೆಲದಲ್ಲಿ ಬೂಟು ಕಿತ್ತಿಡುತ್ತ ನಡೆದ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಎರಡೂ ಕೈಯಿಂದ ಟ್ಯಾಬ್ ತಲೆಯ ಮೇಲೆತ್ತಿ, ಮತ್ತೆ ಇಳಿಸಿ ನೋಡುತ್ತಿದ್ದ. ನಾವು ಕಟ್ಟಿಯ ಮೇಲಿಂದ ನೋಡುತ್ತಿದ್ದೆವು. ಬನ್ನಿ ಗಿಡದ ಹತ್ತಿರ ಒಮ್ಮೆಲೇ ನಿಂತುಬಿಟ್ಟ. ಟ್ಯಾಬ್ ಮುಖದ ಹತ್ತಿರ ಹಿಡಿದ. ಆಮೇಲೆ ಕೈ ಮೆಲ್ಲಗೆ ಕೆಳಗಿಳಿಯಿತು. ಏನು ಬಂದಿರಬೇಕು ಅಂತ ತಲಾಟಿ ಇಲ್ಲಿಂದಲೇ ಓದಿ ಹೇಳಿದ: ‘ಮತ್ತೆ ಲಾಗಿನ್ ಆಗಿ.’

ಕಾಕಾ ಕಟ್ಟಿಯಿಂದ ಇಳಿದು, ಬಾಯಿಗೆ ಎರಡೂ ಕೈ ಹಚ್ಚಿ ಕೂಗಿದ:

‘ಸಾಹೇಬ್ರ, ಇಲ್ಲದಿದ್ರ ಹ್ಯಾಂಗ ಅನಸ್ತದ್ರಿ?’